ಎಂಆರ್‌ಎಸ್‌ಎ: ಔಷಧಿಗೆ ಬಗ್ಗದ ಆಸ್ಪತ್ರೆ ಬ್ಯಾಕ್ಟೀರಿಯಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಲ್ಯಾಬ್ ಪರೀಕ್ಷೆ) ರಿಪೋರ್ಟಿನಲ್ಲಿ ‘ಎಂಆರ್‌ಎಸ್‌ಎ’ ಅಂತ ಬಂದಿದೆ. ಏನಿದು?

ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನೋ ಒಂದು ಬ್ಯಾಕ್ಟೀರಿಯಾ ಇದೆ. ಲ್ಯಾಬಿನವರು, ಡಾಕ್ಟರುಗಳು ಚಿಕ್ಕದಾಗಿ ಸ್ಟ್ಯಾಫ್ ಅನ್ನುತ್ತಾರೆ. ಕುರು ಏಳುವುದು, ಉಗುರುಸುತ್ತು ಆಗುವುದು, ಆಪರೇಶನ್ ಗಾಯ ಕೀವಾಗುವುದು, ಇದಕ್ಕೆಲ್ಲ ಬಹಳ ಸಲ ಇದೇ ಕಾರಣ. ರಕ್ತಕ್ಕೆ ಇಳಿದರೆ ಮೂಳೆ, ಕೀಲು, ಶ್ವಾಸಕೋಶ, ಹೃದಯದ ಕವಾಟ, ಎಲ್ಲಿ ಬೇಕಾದರೂ ಹೋಗಿ ಕೂರುತ್ತದೆ.

ಈ ಸ್ಟ್ಯಾಫ್‌ನಲ್ಲಿ ಮೆಥಿಸಿಲಿನ್ ಅನ್ನೋ ಔಷಧಿಗೆ ಬಗ್ಗದ ತಳಿಗೆ ಎಂಆರ್‌ಎಸ್‌ಎ ಅಂತ ಹೆಸರು. ಮೆಥಿಸಿಲಿನ್ ಅನ್ನು ಈಗ ಯಾರೂ ಕೊಡುವುದಿಲ್ಲ. ಕಿಡ್ನಿಗೆ ತೊಂದರೆ ಮಾಡುತ್ತದೆ ಅಂತ ಬಿಟ್ಟು ಎಷ್ಟೋ ಕಾಲವಾಯಿತು. ಆದರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಅದು ಸೇರಿದ ಪೆನ್ಸಿಲಿನ್ ಬಳಗದ ಹೆಚ್ಚುಕಡಿಮೆ ಯಾವ ಔಷಧಿಗೂ ಬಗ್ಗುವುದಿಲ್ಲ. ಅಮಾಕ್ಸಿಸಿಲಿನ್, ಕ್ಲಾಕ್ಸಾಸಿಲಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಯಾವುದೂ ನಾಟುವುದಿಲ್ಲ. ಐಸಿಯುನಲ್ಲಿ ಹಾಕುವ ಮೆರೊಪೆನೆಮ್‌ನಂಥ ದುಬಾರಿ ಇಂಜೆಕ್ಷನ್ನೂ ಅಷ್ಟೇ. ‘ಇನ್ನೂ ಪವರ್‌ಫುಲ್ ಇಂಜೆಕ್ಷನ್ ಕೊಡಿ ಡಾಕ್ಟ್ರೇ’ ಅಂತ ಕೇಳುವವರಿಗೆ ಇದು ತಿಳಿದಿರಬೇಕು. ರೇಟು ಜಾಸ್ತಿ ಇದ್ದ ಮಾತ್ರಕ್ಕೆ ಈ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುತ್ತದೆ ಅಂತಲ್ಲ.

ಮಾಮೂಲಿ ಸ್ಟ್ಯಾಫ್‌ಗಿಂತ ಇದು ಜಾಸ್ತಿ ಅಪಾಯಕಾರಿನಾ?

ಬ್ಯಾಕ್ಟೀರಿಯಾದ ಸ್ವಭಾವದಲ್ಲಿ ಅಂಥ ವ್ಯತ್ಯಾಸ ಇರಲೇಬೇಕು ಅಂತಿಲ್ಲ. ಮಾಮೂಲಿ ಸ್ಟ್ಯಾಫ್ ಕೂಡ ರಕ್ತಕ್ಕೆ ಹೋದರೆ ಜೀವ ತೆಗೆಯಬಲ್ಲದು. ಇಲ್ಲಿ ಏಟು ಬೀಳುವುದು ತಡವಾಗುವುದರಿಂದ. ಕಲ್ಚರ್ ರಿಪೋರ್ಟ್ ಕೈಗೆ ಬರಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಅಷ್ಟರೊಳಗೆ ಡಾಕ್ಟರು ಅಂದಾಜಿನ ಮೇಲೆ ಒಂದು ಆಂಟಿಬಯಾಟಿಕ್ ಶುರು ಮಾಡಿರುತ್ತಾರೆ. ಅದು ಎಂಆರ್‌ಎಸ್‌ಎಗೆ ನಾಟದ್ದಾಗಿದ್ದರೆ ಅಷ್ಟು ದಿನ ಚಿಕಿತ್ಸೆ ನಡೆದೂ ನಡೆಯದ ಹಾಗೆ.

2019ರಲ್ಲಿ ಜಗತ್ತಿನಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಸುಮಾರು 12.7 ಲಕ್ಷ ಜನ ಸತ್ತರು ಅಂತ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನ ಲೆಕ್ಕ ಹಾಕಿತ್ತು. ಅದರಲ್ಲಿ ಎಂಆರ್‌ಎಸ್‌ಎ ಪಾಲು 1 ಲಕ್ಷಕ್ಕೂ ಹೆಚ್ಚು.

ಎಲ್ಲಿಂದ ಬರುತ್ತದೆ? ಆಸ್ಪತ್ರೆ ಗಲೀಜಾಗಿದೆ ಅಂತಾನಾ?

ಸ್ಟ್ಯಾಫ್ ಹೊರಗಿನಿಂದ ಬರಬೇಕಾಗಿಲ್ಲ. ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರ ಮೂಗಿನ ತುದಿಯ ಒಳಭಾಗದಲ್ಲಿ ಅದು ಸುಮ್ನೆ ಕೂತಿರುತ್ತದೆ. ಕಂಕುಳು, ತೊಡೆಸಂದಿಯಲ್ಲೂ ಇರುತ್ತದೆ. ಚರ್ಮ ಗಟ್ಟಿ ಇರುವವರೆಗೆ ಅದರಿಂದ ತೊಂದರೆ ಇಲ್ಲ. ಕೆಲವರು ವರ್ಷಗಟ್ಟಲೆ ಹೊತ್ತುಕೊಂಡು ಓಡಾಡುತ್ತಾರೆ, ಗೊತ್ತೇ ಆಗುವುದಿಲ್ಲ.

ಆಸ್ಪತ್ರೆಯಲ್ಲಿ ಅದಕ್ಕೆ ಬೇಕಾದ್ದೆಲ್ಲ ಒಟ್ಟಿಗೇ ಸಿಗುತ್ತದೆ. ಕೈಯಲ್ಲಿ ಡ್ರಿಪ್ ಹಾಕುವ ಕ್ಯಾನುಲಾ, ಕುತ್ತಿಗೆಯಲ್ಲಿ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಗೆ), ಡಯಾಲಿಸಿಸ್ ಕ್ಯಾಥೆಟರ್, ಹೊಲಿಗೆ ಹಾಕಿದ ಗಾಯ: ಚರ್ಮ ದಾಟಿ ಒಳಗೆ ಹೋಗಲು ದಾರಿ ಹತ್ತಾರು. ಮಲಗಿರುವವರಿಗೆ ಮೊದಲೇ ಶಕ್ತಿ ಕಮ್ಮಿ. ವಾರ್ಡಿನ ತುಂಬ ಆಂಟಿಬಯಾಟಿಕ್. ಬಗ್ಗುವ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಬಗ್ಗದ್ದಕ್ಕೆ ಜಾಗ ಸಿಗುತ್ತದೆ. ಇನ್ನು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಅದನ್ನು ದಾಟಿಸುವುದು ಮುಖ್ಯವಾಗಿ ಮನುಷ್ಯರ ಕೈ. ಡಾಕ್ಟರ ಕೈ, ಸಿಸ್ಟರ್ ಕೈ, ಆಯಾ ಕೈ, ನೋಡಲು ಬಂದ ನೆಂಟರ ಕೈ, ಎಲ್ಲವೂ.

ನೆಲಕ್ಕೆ ಫಿನೈಲ್ ಹಾಕಿ ಒರೆಸಿದ್ದಾರಾ ಅಂತ ನಾವು ನೋಡುತ್ತೇವೆ. ನನ್ನನ್ನು ಕೇಳಿದರೆ ನೋಡಬೇಕಾದ್ದು ಮಂಚದ ಕಂಬಿ, ಡ್ರಿಪ್ ಸ್ಟ್ಯಾಂಡ್, ಬಿಪಿ ನೋಡುವ ಪಟ್ಟಿ, ಬಾಗಿಲ ಹಿಡಿ. ಕೈ ತಾಗುವುದು ಅಲ್ಲಿ. ಒಣಗಿದ ಜಾಗದ ಮೇಲೂ ಸ್ಟ್ಯಾಫ್ ವಾರದಿಂದ ಹಿಡಿದು ತಿಂಗಳುಗಟ್ಟಲೆ ಬದುಕಿರಬಲ್ಲದು.

ಔಷಧಿ ನಾಟದೆ ಹೋಗುವುದು ಯಾವಾಗ ಶುರುವಾಯಿತು?

ಪೆನ್ಸಿಲಿನ್ ಬಂದ ಬೆನ್ನಲ್ಲೇ. 1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ನೋಡಿದ್ದು ಸ್ಟ್ಯಾಫ್ ಬೆಳೆಸಿದ ತಟ್ಟೆಯನ್ನೇ. ಅದರ ಮೇಲೆ ಬೂಷ್ಟು ಬಂದಿತ್ತು, ಬೂಷ್ಟಿನ ಸುತ್ತ ಸ್ಟ್ಯಾಫ್ ಸತ್ತಿತ್ತು. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಅನ್ನೋ ಪೊಲೀಸ್ ಪೇದೆಗೆ ಅದನ್ನು ಕೊಟ್ಟರು. ಸ್ಟ್ಯಾಫ್ ಮತ್ತು ಸ್ಟ್ರೆಪ್ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಎರಡೂ ಸೇರಿ ಅವನ ಮುಖ, ತಲೆ ಎಲ್ಲ ಕೀವು ಕಟ್ಟಿತ್ತು. ಕೆಲವೇ ದಿನದಲ್ಲಿ ಚೇತರಿಸಿಕೊಂಡ. ಆಮೇಲೆ ಔಷಧಿ ಮುಗಿಯಿತು. ಅವನ ಮೂತ್ರದಿಂದ ಪೆನ್ಸಿಲಿನ್ ಸೋಸಿ ತೆಗೆದು ಮತ್ತೆ ಕೊಟ್ಟರೂ ಸಾಲಲಿಲ್ಲ, ಸತ್ತುಹೋದ.

ಔಷಧಿ ಸಾಕಷ್ಟು ಸಿಗುವ ಹೊತ್ತಿಗೆ ಕಥೆಯೇ ಬೇರೆಯಾಯಿತು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಬಾರ್ಬರ್ ಅನ್ನೋ ವಿಜ್ಞಾನಿ ಲೆಕ್ಕ ಇಟ್ಟರು. ಪೆನ್ಸಿಲಿನ್‌ಗೆ ಬಗ್ಗದ ಸ್ಟ್ಯಾಫ್ 1946ರಲ್ಲಿ ಶೇ. 14 ಇತ್ತು, 1947ರಲ್ಲಿ ಶೇ. 38, 1948ರಲ್ಲಿ ಶೇ. 59. ಎರಡೇ ವರ್ಷ! ಆಕೆ ಇನ್ನೊಂದು ಮಾತೂ ಹೇಳಿದರು. ಪ್ರತಿ ರೋಗಿಯ ಮೈಯಲ್ಲಿ ಬ್ಯಾಕ್ಟೀರಿಯಾ ಹೊಸದಾಗಿ ಬದಲಾಗುತ್ತಿಲ್ಲ, ಮೊದಲೇ ಬಗ್ಗದ ತಳಿ ಆಸ್ಪತ್ರೆಯೊಳಗೆ ಒಬ್ಬರಿಂದ ಒಬ್ಬರಿಗೆ ಹರಡುತ್ತಿದೆ ಅಂತ. ಅಂದರೆ ಗೋಳು ಬರೀ ಔಷಧಿಯದಲ್ಲ, ಕೈಗಳದ್ದೂ ಹೌದು. ಔಷಧಿಯನ್ನು ಹಿಡಿತದಲ್ಲಿ ಬಳಸಿ, ಹರಡುವುದನ್ನು ತಡೆದರೆ ಬಗ್ಗದ ತಳಿಗಳು ಕಡಿಮೆಯಾಗುತ್ತವೆ ಅನ್ನುವುದನ್ನೂ ಆಕೆ ಮತ್ತು ಜೊತೆಯವರು ಅದೇ ಆಸ್ಪತ್ರೆಯಲ್ಲಿ ಮಾಡಿ ತೋರಿಸಿ 1960ರಲ್ಲಿ ಪ್ರಕಟಿಸಿದರು. ಈ ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಹೊಸ ಔಷಧಿ ಕಂಡುಹಿಡಿದವರ ಹೆಸರು ಎಲ್ಲರಿಗೂ ಗೊತ್ತು, ಬಾರ್ಬರ್ ಹೆಸರು ಎಷ್ಟು ಜನರಿಗೆ ಗೊತ್ತು?

ಪೆನ್ಸಿಲಿನ್ ಅನ್ನು ಒಡೆದುಹಾಕುವ ಸ್ಟ್ಯಾಫ್ ಮೇಲೆ ಪ್ರಯೋಗಿಸಲೆಂದೇ ತಯಾರಾದದ್ದು ಮೆಥಿಸಿಲಿನ್. ಬ್ರಿಟನ್ನಿನಲ್ಲಿ ಅದು ಬಳಕೆಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. 1960ರ ಅಕ್ಟೋಬರಿನಲ್ಲಿ ಲಂಡನ್ನಿನ ಕಾಲಿಂಡೇಲ್ ಲ್ಯಾಬಿನಲ್ಲಿ ಪೆಟ್ರಿಷಿಯಾ ಜೆವನ್ಸ್ ಅದಕ್ಕೂ ಬಗ್ಗದ ಸ್ಟ್ಯಾಫ್ ಕಂಡರು. 5,000ಕ್ಕೂ ಹೆಚ್ಚು ಮಾದರಿ ಪರೀಕ್ಷಿಸಿದ್ದರಲ್ಲಿ ಸಿಕ್ಕಿದ್ದು ಬರೀ 3. ಮುಂದಿನ ವರ್ಷ ಅದನ್ನು ಪ್ರಕಟಿಸಿದರು.

ಅಷ್ಟು ಬೇಗ ಹೇಗೆ ಸಾಧ್ಯ? ಔಷಧಿ ಬಂದು ಹೆಚ್ಚು ದಿನವೂ ಆಗಿರಲಿಲ್ಲ ಅಲ್ವಾ?

ಒಳ್ಳೆ ಅನುಮಾನ. ವಿಜ್ಞಾನಿಗಳಿಗೂ ಇದು ಬಹಳ ಕಾಲ ಕಾಡಿತ್ತು. ಆಗ ಒಣಗಿಸಿ ಕಾಪಾಡಿದ್ದ ಹಳೇ ಮಾದರಿಗಳ ಪೂರ್ತಿ ಡಿಎನ್‌ಎಯನ್ನು ಓದಿದ ಅಧ್ಯಯನ 2017ರಲ್ಲಿ ಬಂತು. ಮೆಥಿಸಿಲಿನ್‌ಗೆ ಬಗ್ಗದ ಜೀನ್ 1940ರ ದಶಕದ ನಡುವಿನಲ್ಲೇ ಸ್ಟ್ಯಾಫ್‌ಗೆ ಸೇರಿಕೊಂಡಿತ್ತು ಅಂತ ಗೊತ್ತಾಯಿತು. ಮೆಥಿಸಿಲಿನ್ ಇನ್ನೂ ಹುಟ್ಟೇ ಇರಲಿಲ್ಲ! ಪೆನ್ಸಿಲಿನ್ ಅನ್ನು ಬೇಕಾಬಿಟ್ಟಿ ಬಳಸಿದ್ದೇ ಇವುಗಳನ್ನು ಬೆಳೆಸಿತ್ತು.

2022ರಲ್ಲಿ ಇನ್ನೂ ಹಿಂದಕ್ಕೆ ಹೋದರು. ಯೂರೋಪಿನಲ್ಲಿ ಹೆಜ್‌ಹಾಗ್ ಅನ್ನೋ ಮುಳ್ಳುಮೈಯ ಪುಟ್ಟ ಪ್ರಾಣಿ ಇದೆ. ಅದರ ಚರ್ಮದ ಮೇಲೆ ಬೆಳೆಯುವ ಒಂದು ಶಿಲೀಂಧ್ರ ತಾನೇ ಪೆನ್ಸಿಲಿನ್ ಜಾತಿಯ ವಸ್ತು ತಯಾರಿಸುತ್ತದೆ. ಅದರ ಪಕ್ಕದಲ್ಲೇ ಬದುಕಬೇಕಾದ ಸ್ಟ್ಯಾಫ್ ಅದನ್ನು ತಡೆದುಕೊಳ್ಳುವುದನ್ನು ಕಲಿತಿತ್ತು. ಎಂಆರ್‌ಎಸ್‌ಎಯ ಒಂದು ಬಗೆ 1800ರ ದಶಕದಲ್ಲೇ ಅಲ್ಲಿತ್ತು ಅನ್ನುತ್ತದೆ ಆ ಅಧ್ಯಯನ. ಹಾಗಂತ ‘ಎಲ್ಲ ಪ್ರಕೃತಿಯ ಆಟ, ನಮ್ಮದೇನೂ ತಪ್ಪಿಲ್ಲ’ ಅಂತ ಕೈತೊಳೆದುಕೊಳ್ಳುವ ಹಾಗಿಲ್ಲ. ಹೆಜ್‌ಹಾಗ್ ಮೈಮೇಲೆ ಇದ್ದದ್ದು ವಾರ್ಡ್ ತುಂಬಿದ್ದು ನಮ್ಮ ಕಾಲದಲ್ಲೇ.

ಬ್ಯಾಕ್ಟೀರಿಯಾ ಒಳಗೆ ಏನು ಬದಲಾಗಿರುತ್ತದೆ?

ಸ್ಟ್ಯಾಫ್ ತನ್ನ ಸುತ್ತ ಗಟ್ಟಿ ಗೋಡೆ ಕಟ್ಟಿಕೊಂಡು ಬದುಕುತ್ತದೆ. ಗೋಡೆ ಕಟ್ಟುವ ಕೆಲಸ ಕೆಲವು ಪ್ರೋಟೀನ್‌ಗಳದ್ದು, ಅವನ್ನು ಗಾರೆ ಮೇಸ್ತ್ರಿ ಅಂದುಕೊಳ್ಳಿ. ಪೆನ್ಸಿಲಿನ್ ಬಳಗದ ಔಷಧಿ ಹೋಗಿ ಮೇಸ್ತ್ರಿಯ ಕೈ ಹಿಡಿದುಬಿಡುತ್ತದೆ. ಗೋಡೆ ಕೆಲಸ ನಿಂತುಹೋಗುತ್ತದೆ, ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಎಂಆರ್‌ಎಸ್‌ಎ ಬಳಿ ಮೆಕ್‌-ಎ ಅನ್ನೋ ಜೀನ್ ಇರುತ್ತದೆ. ಅದು ಇನ್ನೊಬ್ಬ ಮೇಸ್ತ್ರಿಯನ್ನು ಕರೆತರುತ್ತದೆ, ಪಿಬಿಪಿ-2ಎ ಅಂತ. ಇವನ ಕೈ ಔಷಧಿಯ ಹಿಡಿತಕ್ಕೆ ಸಿಗುವುದೇ ಇಲ್ಲ. ಹಳಬರೆಲ್ಲ ಕೂತರೂ ಇವನೊಬ್ಬ ಕೆಲಸ ಸಾಗಿಸುತ್ತಾನೆ.

ಪೆನ್ಸಿಲಿನ್ ಒಡೆಯುವ ಸ್ಟ್ಯಾಫ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಅಲ್ಲಿ ಒಂದು ಕಿಣ್ವ ಔಷಧಿಯನ್ನು ತುಂಡು ಮಾಡುತ್ತದೆ. ಆ ಕಿಣ್ವವನ್ನು ತಡೆಯುವ ಕ್ಲಾವುಲನೇಟ್ ಸೇರಿಸಿದರೆ ಔಷಧಿ ಉಳಿಯುತ್ತದೆ. ಎಂಆರ್‌ಎಸ್‌ಎಗೆ ಈ ಉಪಾಯ ನಡೆಯುವುದಿಲ್ಲ, ಔಷಧಿ ಹಿಡಿಯಬೇಕಾದ ಜಾಗವೇ ಬೇರೆಯಾಗಿದೆ. ಅದಕ್ಕೇ ‘ಕ್ಲಾವ್’ ಸೇರಿದ ಮಾತ್ರೆ ಎಷ್ಟು ನುಂಗಿದರೂ ಅಷ್ಟೇ.

ಲ್ಯಾಬಿನಲ್ಲಿ ಇದನ್ನು ಹೇಗೆ ಪತ್ತೆ ಮಾಡುತ್ತಾರೆ? ಎರಡು ಮೂರು ದಿನ ಯಾಕೆ?

ಬ್ಯಾಕ್ಟೀರಿಯಾ ಬೆಳೆಯಬೇಕಲ್ಲ, ಅದಕ್ಕೆ. ಕೀವನ್ನೋ ರಕ್ತವನ್ನೋ ತಂದು ಮೊದಲು ಬೆಳೆಸುತ್ತಾರೆ. ಕುರಿರಕ್ತ ಬೆರೆಸಿದ ಕೆಂಪು ಅಗಾರ್ (ಜೆಲ್ಲಿಯಂಥ ವಸ್ತು) ತಟ್ಟೆಯಲ್ಲಿ ಮಾರನೇ ಬೆಳಿಗ್ಗೆ ಸಾಸಿವೆ ಕಾಳಿಗಿಂತ ಚಿಕ್ಕ, ನುಣುಪಾದ, ಹೊಂಬಣ್ಣಕ್ಕೆ ತಿರುಗಿದ ಚುಕ್ಕೆಗಳು ಎದ್ದಿರುತ್ತವೆ. ಸುತ್ತಲಿನ ರಕ್ತ ಕರಗಿ ಅಲ್ಲಿ ತಟ್ಟೆ ತಿಳಿಯಾಗಿರುತ್ತದೆ. ಒಂದು ಚುಕ್ಕೆ ತೆಗೆದು ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ತಿಳಿಯಲ್ಲಿ ಬೆರೆಸುತ್ತಾರೆ. ಗಟ್ಟಿಯಾಯಿತೋ, ಸ್ಟ್ಯಾಫ್ ಆರಿಯಸ್ ಅಂತ ಲೆಕ್ಕ.

ಆಮೇಲೆ ಇನ್ನೊಂದು ತಟ್ಟೆಗೆ ಈ ಬ್ಯಾಕ್ಟೀರಿಯಾವನ್ನು ಪೂರ್ತಿ ಸವರಿ, ಔಷಧಿ ತುಂಬಿದ ಪುಟ್ಟ ಬಿಳಿ ಬಿಲ್ಲೆಗಳನ್ನು ಇಟ್ಟು ರಾತ್ರಿಯಿಡೀ ಬಿಡುತ್ತಾರೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಒಂದು ವೃತ್ತ ಕಾಣುತ್ತದೆ. ಅದನ್ನು ಸ್ಕೇಲ್ ಇಟ್ಟು ಅಳೆಯುತ್ತಾರೆ. ಎಂಆರ್‌ಎಸ್‌ಎ ಪತ್ತೆಗೆ ಇಡುವುದು ಸೆಫಾಕ್ಸಿಟಿನ್ ಬಿಲ್ಲೆ. ವೃತ್ತ 22 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಮಾಮೂಲಿ ಸ್ಟ್ಯಾಫ್, 21 ಅಥವಾ ಕಡಿಮೆ ಇದ್ದರೆ ಎಂಆರ್‌ಎಸ್‌ಎ. ಒಂದು ಮಿಲಿಮೀಟರಿನ ಮೇಲೆ ರೋಗಿಯ ಔಷಧಿ ಬದಲಾಗುತ್ತದೆ. ಹಾಗಾಗಿ ಒಳ್ಳೆ ಲ್ಯಾಬಿನವರು ತಟ್ಟೆಯ ದಪ್ಪ, ಸವರಿದ ಪ್ರಮಾಣ ಎಲ್ಲದರಲ್ಲೂ ಬಹಳ ಜಿಪುಣರ ಹಾಗೆ ಲೆಕ್ಕಾಚಾರವಾಗಿರುತ್ತಾರೆ.

ಇನ್ನೊಂದು ಚೆಂದದ ಪರೀಕ್ಷೆ ಇದೆ. ಎರಿಥ್ರೋಮೈಸಿನ್ ಬಿಲ್ಲೆಯ ಪಕ್ಕ ಕ್ಲಿಂಡಾಮೈಸಿನ್ ಬಿಲ್ಲೆ ಇಡುತ್ತಾರೆ. ಕೆಲವು ತಳಿಗಳಲ್ಲಿ ಕ್ಲಿಂಡಾಮೈಸಿನ್ ಸುತ್ತಲಿನ ವೃತ್ತ ಎರಿಥ್ರೋಮೈಸಿನ್ ಕಡೆ ಚಪ್ಪಟೆಯಾಗಿ ಇಂಗ್ಲಿಷಿನ ‘ಡಿ’ ಅಕ್ಷರದ ಹಾಗೆ ಆಗುತ್ತದೆ. ಅಂದರೆ ಕ್ಲಿಂಡಾಮೈಸಿನ್ ಈಗ ನಾಟುವ ಹಾಗೆ ಕಂಡರೂ ಕೊಡುತ್ತಾ ಹೋದರೆ ಕೈಕೊಡಬಹುದು. ದುಬಾರಿ ಮಶೀನೇನೂ ಬೇಡ, ಎರಡು ಬಿಲ್ಲೆ ಸಾಕು.

ಅವಸರ ಇದ್ದರೆ ಮೆಕ್‌-ಎ ಜೀನನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಕೆಲವು ಗಂಟೆಗಳಲ್ಲಿ ಉತ್ತರ ಬರುತ್ತದೆ, ಖರ್ಚು ಜಾಸ್ತಿ.

ರಿಪೋರ್ಟಿನಲ್ಲಿ ‘ಎಸ್’, ‘ಆರ್’ ಪಕ್ಕ ಅಂಕಿಗಳಿವೆ. ಅಂಕಿ ಚಿಕ್ಕದಿರುವ ಔಷಧಿ ಒಳ್ಳೆಯದಾ?

ಅಲ್ಲ. ಇದು ತುಂಬ ಜನ ಎಡವುವ ಜಾಗ. ‘ಎಸ್’ ಅಂದರೆ ನಾಟುತ್ತದೆ, ‘ಆರ್’ ಅಂದರೆ ನಾಟುವುದಿಲ್ಲ. ಪಕ್ಕದ ಅಂಕಿ ಎಂಐಸಿ, ಅಂದರೆ ಬೆಳವಣಿಗೆ ನಿಲ್ಲಿಸಲು ಬೇಕಾದ ಕನಿಷ್ಠ ಔಷಧಿ. ಒಂದೊಂದು ಔಷಧಿಗೂ ಗಡಿ ಬೇರೆ. ವ್ಯಾಂಕೋಮೈಸಿನ್‌ಗೆ 2ರವರೆಗೆ ‘ಎಸ್’, ಲಿನೆಜೋಲಿಡ್‌ಗೆ 4ರವರೆಗೆ, ಕ್ಲಿಂಡಾಮೈಸಿನ್‌ಗೆ 0.5ರವರೆಗೆ. ಒಂದರ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಿ ಅರ್ಥವಿಲ್ಲ. ಎಲ್ಲಿ ಸೋಂಕಿದೆ, ಔಷಧಿ ಅಲ್ಲಿಗೆ ತಲುಪುತ್ತದಾ, ಕಿಡ್ನಿ ಹೇಗಿದೆ ಅಂತೆಲ್ಲ ನೋಡಿ ಡಾಕ್ಟರು ಆರಿಸುತ್ತಾರೆ.

ಕಲ್ಚರ್‌ನಲ್ಲಿ ಬಂತು ಅಂದಮೇಲೆ ಆಂಟಿಬಯಾಟಿಕ್ ತಗೊಳ್ಳಲೇಬೇಕಾ?

ಎಲ್ಲಿಂದ ತೆಗೆದ ಮಾದರಿ ಅನ್ನುವುದರ ಮೇಲಿದೆ. ಮೂಗಿನ ಸ್ವಾಬ್‌ನಲ್ಲಿ ಎಂಆರ್‌ಎಸ್‌ಎ ಸಿಕ್ಕಿ ರೋಗಿ ಆರಾಮಾಗಿದ್ದರೆ ಅದು ಬರೀ ಹೊತ್ತಿರುವುದು, ಕಾಯಿಲೆ ಅಲ್ಲ. ವಾಸಿಯಾಗುತ್ತಿರುವ ಹುಣ್ಣಿನ ಮೇಲ್ಮೈ ಸವರಿ ಕಳಿಸಿದರೆ ಯಾವುದೋ ಒಂದು ಬ್ಯಾಕ್ಟೀರಿಯಾ ಬಂದೇ ಬರುತ್ತದೆ. ರಿಪೋರ್ಟಿಗೆ ಚಿಕಿತ್ಸೆ ಕೊಡಬಾರದು, ರೋಗಿಗೆ ಕೊಡಬೇಕು.

ರಕ್ತದ ಕಲ್ಚರ್‌ನಲ್ಲಿ ಸ್ಟ್ಯಾಫ್ ಆರಿಯಸ್ ಬಂದರೆ ಮಾತ್ರ ಒಂದೇ ಬಾಟಲಿಯಲ್ಲಿ ಬಂದಿದ್ದರೂ ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಆದರೆ ಅದರ ದಾಯಾದಿಗಳು ಬೇರೆ ಇದ್ದಾರೆ, ‘ಕೋಆಗ್ಯುಲೇಸ್ ನೆಗೆಟಿವ್ ಸ್ಟ್ಯಾಫ್’ ಅಂತ. ಚರ್ಮದ ಖಾಯಂ ನಿವಾಸಿಗಳು. ಸೂಜಿ ಚುಚ್ಚುವಾಗ ಬಾಟಲಿಗೆ ಸೇರಿಕೊಂಡು ಸುಮ್ನೆ ಗಾಬರಿ ಹುಟ್ಟಿಸುತ್ತವೆ. ಇವೂ ಮೆಥಿಸಿಲಿನ್‌ಗೆ ಬಗ್ಗದೆ ಇರುವುದೇ ಜಾಸ್ತಿ. ಹಾಗಾಗಿ ರಿಪೋರ್ಟಿನಲ್ಲಿ ‘ಮೆಥಿಸಿಲಿನ್’ ಪದ ಕಂಡ ಕೂಡಲೇ ಎಂಆರ್‌ಎಸ್‌ಎ ಅಂದುಕೊಳ್ಳಬೇಡಿ, ಮೇಲೆ ಬ್ಯಾಕ್ಟೀರಿಯಾದ ಪೂರ್ತಿ ಹೆಸರು ಓದಿ. ಕೃತಕ ಕವಾಟ, ಸೆಂಟ್ರಲ್ ಲೈನ್ ಇರುವವರಲ್ಲಿ ಈ ದಾಯಾದಿಗಳೂ ನಿಜವಾದ ಸೋಂಕು ತರಬಲ್ಲವು. ಅದನ್ನು ಡಾಕ್ಟರೇ ತೀರ್ಮಾನಿಸಬೇಕು.

ಎಂಆರ್‌ಎಸ್‌ಎಗೆ ಔಷಧಿಯೇ ಇಲ್ವಾ?

ಇದೆ. ಗಂಭೀರ ಸೋಂಕಿಗೆ ಮೊದಲು ನೆನಪಾಗುವುದು ವ್ಯಾಂಕೋಮೈಸಿನ್. ಬೋರ್ನಿಯೋದ ಕಾಡಿನ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ತೆಗೆದದ್ದು, 1958ರಿಂದ ಬಳಕೆಯಲ್ಲಿದೆ. ಬಾಯಿಂದ ಕೊಟ್ಟರೆ ಹೊಟ್ಟೆಯಿಂದ ರಕ್ತಕ್ಕೆ ಹೋಗುವುದಿಲ್ಲ, ಡ್ರಿಪ್‌ನಲ್ಲೇ ಕೊಡಬೇಕು. ಕನಿಷ್ಠ ಒಂದು ಗಂಟೆ ನಿಧಾನವಾಗಿ ಬಿಡಬೇಕು. ಬೇಗ ಬಿಟ್ಟರೆ ಮುಖ, ಕುತ್ತಿಗೆ ಕೆಂಪಾಗಿ ತುರಿಕೆ ಏಳುತ್ತದೆ. ಡ್ರಿಪ್ ನಿಧಾನ ಆಯಿತು ಅಂತ ಅದರ ಚಕ್ರ ತಿರುಗಿಸಿ ಜೋರು ಮಾಡುವ ನೆಂಟರಿಗೆ ಈ ಮಾತು. ಕಿಡ್ನಿ ಮೇಲೆ ಕಣ್ಣಿಡಬೇಕು, ರಕ್ತದಲ್ಲಿ ಔಷಧಿ ಎಷ್ಟಿದೆ ಅಂತಲೂ ಪರೀಕ್ಷಿಸುತ್ತಾರೆ.

ಅದಲ್ಲದೆ ಟೈಕೊಪ್ಲಾನಿನ್, ಡಾಪ್ಟೋಮೈಸಿನ್, ಲಿನೆಜೋಲಿಡ್ ಇವೆ. ಡಾಪ್ಟೋಮೈಸಿನ್ ರಕ್ತದ ಸೋಂಕಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ನ್ಯುಮೋನಿಯಾಗೆ ಮಾಡುವುದಿಲ್ಲ. ಶ್ವಾಸಕೋಶದೊಳಗಿನ ದ್ರವವೇ ಅದನ್ನು ಕೆಲಸಕ್ಕೆ ಬಾರದಂತೆ ಮಾಡಿಬಿಡುತ್ತದೆ. ಲಿನೆಜೋಲಿಡ್ ಮಾತ್ರೆ ರೂಪದಲ್ಲೂ ಸಿಗುತ್ತದೆ, ಎರಡು ವಾರ ದಾಟಿದರೆ ಪ್ಲೇಟ್‌ಲೆಟ್ ಇಳಿಯಬಹುದು. ಸೆಫ್ಟರೋಲಿನ್ ಆ ಹೊಸ ಮೇಸ್ತ್ರಿ ಪಿಬಿಪಿ-2ಎ ಕೈಯನ್ನೂ ಹಿಡಿಯಬಲ್ಲ ಸೆಫಲೊಸ್ಪೊರಿನ್, ಅಂದರೆ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಬಳಗದ ಔಷಧಿ. ನಮ್ಮ ದೇಶದ ಕಂಪನಿ ವೊಕಾರ್ಡ್‌ನ ಲೆವೊನಾಡಿಫ್ಲಾಕ್ಸಾಸಿನ್‌ಗೆ 2020ರಲ್ಲಿ ಇಲ್ಲಿ ಅನುಮತಿ ಸಿಕ್ಕಿದೆ. ಚರ್ಮದ ಸಣ್ಣ ಸೋಂಕಿಗೆ ಕೋಟ್ರಿಮಾಕ್ಸಜೋಲ್, ಡಾಕ್ಸಿಸೈಕ್ಲಿನ್‌ನಂಥ ಹಳೇ ಅಗ್ಗದ ಮಾತ್ರೆಗಳೇ ಎಷ್ಟೋ ಸಲ ಸಾಕು.

ಜ್ವರ ಬಿಟ್ಟು ನಾಲ್ಕು ದಿನ ಆಯಿತು. ಇನ್ನೂ ಇಂಜೆಕ್ಷನ್ ಯಾಕೆ? ಬಿಲ್ ಏರಿಸಲಿಕ್ಕಾ?

ರಕ್ತದಲ್ಲಿ ಸ್ಟ್ಯಾಫ್ ಆರಿಯಸ್ ಸಿಕ್ಕಿದ್ದರೆ ಅಲ್ಲ. ಎಲ್ಲ ಸಲೀಸಾಗಿದ್ದರೂ ಕನಿಷ್ಠ ಎರಡು ವಾರ, ಹೃದಯದ ಕವಾಟಕ್ಕೋ ಮೂಳೆಗೋ ಹೋಗಿದ್ದರೆ ನಾಲ್ಕರಿಂದ ಆರು ವಾರ ಅಥವಾ ಇನ್ನೂ ಹೆಚ್ಚು ಬೇಕಾಗುತ್ತದೆ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಲು ಹೇಳುವುದೂ ಇದಕ್ಕೇ. ರಕ್ತದ ಕಲ್ಚರ್ ಮತ್ತೆ ಮಾಡಿ ನೆಗೆಟಿವ್ ಬಂತಾ ಅಂತ ನೋಡುತ್ತಾರೆ. ಅರ್ಧಕ್ಕೆ ನಿಲ್ಲಿಸಿದರೆ ವಾರಗಳ ನಂತರ ಬೆನ್ನುಮೂಳೆಯಲ್ಲಿ ಕೀವಾಗಿ ವಾಪಸ್ ಬರುವುದುಂಟು.

ಮಾಮೂಲಿ ಸ್ಟ್ಯಾಫ್‌ಗೂ ವ್ಯಾಂಕೋಮೈಸಿನ್ನೇ ಕೊಟ್ಟರೆ ಸೇಫ್ ಅಲ್ವಾ?

ಉಲ್ಟಾ. ಮಾಮೂಲಿ ಸ್ಟ್ಯಾಫ್ ಮೇಲೆ ಕ್ಲಾಕ್ಸಾಸಿಲಿನ್, ಸೆಫಜೋಲಿನ್ ವ್ಯಾಂಕೋಮೈಸಿನ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ರಿಪೋರ್ಟ್ ಬಂದ ಮೇಲೆ ಡಾಕ್ಟರು ‘ದೊಡ್ಡ’ ಔಷಧಿ ತೆಗೆದು ‘ಚಿಕ್ಕದು’ ಬರೆದರೆ ಜಗಳಕ್ಕೆ ಹೋಗಬೇಡಿ, ಸರಿಯಾದದ್ದನ್ನೇ ಮಾಡಿದ್ದಾರೆ.

ವ್ಯಾಂಕೋಮೈಸಿನ್‌ಗೂ ಬಗ್ಗದ ಸ್ಟ್ಯಾಫ್ ಬಂದಿದೆಯಂತೆ?

1996ರಲ್ಲಿ ಜಪಾನಿನಲ್ಲಿ ಅರೆಬರೆ ಬಗ್ಗುವ ತಳಿ ಸಿಕ್ಕಿತು. ಅದು ಗೋಡೆಯನ್ನೇ ದಪ್ಪ ಮಾಡಿಕೊಂಡು ಔಷಧಿಯನ್ನು ಹೊರಗೇ ಸಿಕ್ಕಿಸಿಬಿಡುತ್ತದೆ. 2002ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಸಕ್ಕರೆ ಕಾಯಿಲೆಯ ರೋಗಿಯಲ್ಲಿ ಪೂರ್ತಿ ಬಗ್ಗದ್ದು ಸಿಕ್ಕಿತು. ಕರುಳಿನಲ್ಲಿರುವ ಎಂಟೆರೊಕಾಕಸ್ ಅನ್ನೋ ಬೇರೆ ಬ್ಯಾಕ್ಟೀರಿಯಾದಿಂದ ಜೀನ್ ಎರವಲು ಪಡೆದಿತ್ತು. ಅದೃಷ್ಟಕ್ಕೆ ಈ ಪೂರ್ತಿ ಬಗ್ಗದ ತಳಿ ಎಲ್ಲೂ ಎಂಆರ್‌ಎಸ್‌ಎ ಥರ ಹಬ್ಬಿಲ್ಲ, ಇವತ್ತಿಗೂ ಅಪರೂಪ.

ಭಾರತದಲ್ಲಿ ಪರಿಸ್ಥಿತಿ ಹೇಗಿದೆ?

15 ದೊಡ್ಡ ಆಸ್ಪತ್ರೆಗಳ ಲೆಕ್ಕ ಒಟ್ಟುಹಾಕಿದ ಒಂದು ಅಧ್ಯಯನದ ಪ್ರಕಾರ 2008ರಲ್ಲಿ ಸ್ಟ್ಯಾಫ್ ಆರಿಯಸ್‌ಗಳಲ್ಲಿ ಶೇ. 42, 2009ರಲ್ಲಿ ಶೇ. 40 ಎಂಆರ್‌ಎಸ್‌ಎ ಆಗಿದ್ದವು. ಇದನ್ನು ‘ನೂರು ರೋಗಿಗಳಲ್ಲಿ 42 ಜನಕ್ಕೆ ಎಂಆರ್‌ಎಸ್‌ಎ’ ಅಂತ ಓದಬೇಡಿ. ಲ್ಯಾಬಿನಲ್ಲಿ ಬೆಳೆದ ಸ್ಟ್ಯಾಫ್ ನೂರಿದ್ದರೆ ಅದರಲ್ಲಿ ಇಷ್ಟು ಅಂತ ಅರ್ಥ. ಅದೂ ಕಷ್ಟದ ಕೇಸುಗಳು ಬಂದು ಸೇರುವ ದೊಡ್ಡ ಆಸ್ಪತ್ರೆಗಳದ್ದು. ತಾಲ್ಲೂಕು ಆಸ್ಪತ್ರೆಗಳ ಚಿತ್ರ ಇದರಲ್ಲಿ ಇಲ್ಲ, ಎಷ್ಟೋ ಕಡೆ ಕಲ್ಚರ್ ಮಾಡುವ ಸೌಲಭ್ಯವೇ ಇರುವುದಿಲ್ಲ.

ನಮ್ಮ ಭಾಗದ್ದೇ ಒಂದು ತಳಿಯೂ ಇದೆ, ‘ಬೆಂಗಾಲ್ ಬೇ ಕ್ಲೋನ್’ ಅಂತ. ಎಸ್‌ಟಿ772 ಅದರ ನಂಬರು. 2004ರ ಸುಮಾರಿಗೆ ಭಾರತ, ಬಾಂಗ್ಲಾದೇಶದಲ್ಲಿ ಕಾಣಿಸಿಕೊಂಡು ಆಮೇಲೆ ಜನರ ಓಡಾಟದ ಜೊತೆ ಬೇರೆ ದೇಶಗಳಿಗೂ ಹೋಯಿತು. ಇದು ಆಸ್ಪತ್ರೆಯಲ್ಲೂ ಇದೆ, ಊರಿನಲ್ಲೂ ಇದೆ, ಹಲವು ಔಷಧಿಗಳಿಗೆ ಒಟ್ಟಿಗೇ ಬಗ್ಗುವುದಿಲ್ಲ.

ಇದನ್ನು ಕಡಿಮೆ ಮಾಡಿದ ದೇಶ ಯಾವುದಾದರೂ ಇದೆಯಾ?

ಇಂಗ್ಲೆಂಡ್. ಅಲ್ಲಿ 2001ರಿಂದ ಪ್ರತಿ ಸರ್ಕಾರಿ ಆಸ್ಪತ್ರೆಯೂ ರಕ್ತದಲ್ಲಿ ಎಂಆರ್‌ಎಸ್‌ಎ ಸಿಕ್ಕ ಕೇಸುಗಳ ಲೆಕ್ಕ ಕೊಡಲೇಬೇಕಾಯಿತು. 2003-04ರಲ್ಲಿ ಸುಮಾರು 7,700 ಕೇಸು. 2004ರಲ್ಲಿ ಸರ್ಕಾರ ಇದನ್ನು ಅರ್ಧಕ್ಕೆ ಇಳಿಸಬೇಕು ಅಂತ ಗುರಿ ಇಟ್ಟಿತು. 2012-13ರ ಹೊತ್ತಿಗೆ ಇದು 1,000ಕ್ಕಿಂತ ಕೆಳಗೆ ಬಂದಿತ್ತು. ಯಾವ ಹೊಸ ಮಾಂತ್ರಿಕ ಔಷಧಿಯೂ ಬಂದಿರಲಿಲ್ಲ. ಹಾಸಿಗೆ ಪಕ್ಕದಲ್ಲೇ ಹ್ಯಾಂಡ್‌ರಬ್ ಬಾಟಲಿ, ಲೈನ್ ಹಾಕುವಾಗ ಕಟ್ಟುನಿಟ್ಟು, ಮೊಣಕೈ ಕೆಳಗೆ ಅಂಗಿಯ ತೋಳು, ವಾಚು, ಉಂಗುರ ಯಾವುದೂ ಇರಬಾರದು ಅನ್ನೋ ನಿಯಮ, ದಾಖಲಾಗುವವರ ಮೂಗಿನ ಸ್ವಾಬ್. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಆಸ್ಪತ್ರೆಯಲ್ಲಿ ಎಷ್ಟು ಅನ್ನುವುದು ಊರಿಗೆಲ್ಲ ಗೊತ್ತಾಗುತ್ತಿತ್ತು. ನಮ್ಮಲ್ಲಿ ಆಸ್ಪತ್ರೆಗಳು ಯಶಸ್ವಿ ಆಪರೇಶನ್ನುಗಳ ಫ್ಲೆಕ್ಸ್ ಹಾಕುತ್ತವೆ. ಸೋಂಕಿನ ಲೆಕ್ಕ ಬಾಗಿಲಲ್ಲಿ ಹಾಕುವ ದಿನ ಬಂದರೆ ಅರ್ಧ ಕೆಲಸ ಆದ ಹಾಗೆ ಅಂತ ನನ್ನ ಅಭಿಪ್ರಾಯ.

ನೆದರ್ಲೆಂಡ್ಸ್ ಇನ್ನೂ ಬಿಗಿ. ಅಲ್ಲಿ ‘ಹುಡುಕು, ನಾಶಮಾಡು’ ಅನ್ನೋ ಪದ್ಧತಿ. ಹೊರದೇಶದ ಆಸ್ಪತ್ರೆಯಲ್ಲಿ ಇತ್ತೀಚೆಗೆ ಮಲಗಿದ್ದವರು ಬಂದರೆ ಮೊದಲು ಬೇರೆ ಕೋಣೆ, ಸ್ವಾಬ್ ನೆಗೆಟಿವ್ ಬಂದ ಮೇಲೆ ವಾರ್ಡು. ಅಲ್ಲಿರುವ ಕನ್ನಡಿಗರು ರಜೆಯಲ್ಲಿ ಊರಿಗೆ ಬಂದು ಇಲ್ಲಿ ಆಪರೇಶನ್ ಮಾಡಿಸಿಕೊಂಡು ಹೋಗಿದ್ದರೆ, ಅಲ್ಲಿ ದಾಖಲಾಗುವಾಗ ಹೀಗೆ ಮಾಡುತ್ತಾರೆ. ಅವಮಾನ ಅಂದುಕೊಳ್ಳಬೇಡಿ, ಎಲ್ಲ ದೇಶದಿಂದ ಬಂದವರಿಗೂ ಅದೇ ನಿಯಮ.

ರೋಗಿಯ ಜೊತೆ ಇರುವವರು ಏನು ಮಾಡಬಹುದು?

ಮುಟ್ಟುವ ಮೊದಲು, ಮುಟ್ಟಿದ ಮೇಲೆ ಕೈಗೆ ಹ್ಯಾಂಡ್‌ರಬ್. 20ರಿಂದ 30 ಸೆಕೆಂಡ್ ಉಜ್ಜಬೇಕು, ಬೆರಳಸಂದಿ, ಹೆಬ್ಬೆರಳು, ಉಗುರಿನ ತುದಿ ಸೇರಿ. ಸ್ಟ್ಯಾಫ್ ಆಲ್ಕೋಹಾಲ್‌ಗೆ ಸಲೀಸಾಗಿ ಸಾಯುತ್ತದೆ, ಯಾವ ಔಷಧಿಗೆ ಬಗ್ಗದಿದ್ದರೂ. ಕೈ ಕೊಳೆಯಾಗಿ ಕಂಡರೆ ಸೋಪು ನೀರು. ಗ್ಲೌಸ್ ಹಾಕಿಕೊಂಡು ಹತ್ತು ಕಡೆ ಮುಟ್ಟಿದರೆ ಕೈ ತೊಳೆದ ಹಾಗಲ್ಲ.

ಕ್ಯಾನುಲಾ ಮೇಲೆ ಕಣ್ಣಿಡಿ. ಚುಚ್ಚಿದ ಜಾಗ ಕೆಂಪಾಗಿದೆ, ಮುಟ್ಟಿದರೆ ನೋವು, ರಕ್ತನಾಳ ಹಗ್ಗದ ಹಾಗೆ ಗಟ್ಟಿಯಾಗಿದೆ, ಪ್ಲಾಸ್ಟರ್ ಅಂಚಿನಲ್ಲಿ ಒದ್ದೆ ಇದೆ ಅಂದರೆ ಆಗಲೇ ಸಿಸ್ಟರ್‌ಗೆ ಹೇಳಿ. ಡ್ರಿಪ್ ನಿಂತು ಎರಡು ದಿನವಾದರೂ ‘ಇರಲಿ, ಬೇಕಾಗಬಹುದು’ ಅಂತ ಬಿಟ್ಟಿದ್ದರೆ ‘ಸಿಸ್ಟರ್, ಇದು ಇನ್ನೂ ಬೇಕಾ?’ ಅಂತ ಕೇಳುವುದು ತಪ್ಪಲ್ಲ. ಎಷ್ಟೋ ರಕ್ತದ ಸೋಂಕು ಶುರುವಾಗುವುದು ಇಂಥ ಮರೆತುಹೋದ ಸೂಜಿಯಿಂದ.

ಆಪರೇಶನ್‌ಗೆ ಮುಂಚೆ ಮನೆಯಲ್ಲೇ ರೇಜರ್‌ನಲ್ಲಿ ಬೋಳಿಸಿಕೊಂಡು ಹೋಗಬೇಡಿ. ಕಣ್ಣಿಗೆ ಕಾಣದ ಗೀರುಗಳಾಗುತ್ತವೆ. ಕೂದಲು ತೆಗೆಯಲೇಬೇಕಿದ್ದರೆ ಕ್ಲಿಪ್ಪರ್ ಬಳಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇನ್ನು ನೆಂಟರ ವಿಷಯ. ನಮ್ಮಲ್ಲಿ ನೋಡಲು ಹೋಗದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ, ಗೊತ್ತು. ಹೋಗಿ, ಆದರೆ ಮಂಚದ ಮೇಲೆ ಕೂರಬೇಡಿ, ಡ್ರೆಸಿಂಗ್ ಎತ್ತಿ ನೋಡಬೇಡಿ, ಒಬ್ಬ ರೋಗಿಯನ್ನು ಮಾತಾಡಿಸಿ ಪಕ್ಕದ ಹಾಸಿಗೆಯವರ ಹಣೆ ಮುಟ್ಟಿ ನೋಡಬೇಡಿ.

ಮೂಗಿಗೆ ಹಚ್ಚುವ ಮುಲಾಮು ತಂದು ನಾವೇ ಹಚ್ಚಿಕೊಳ್ಳಬಹುದಾ?

ಬೇಡ. ಮ್ಯೂಪಿರೋಸಿನ್ ಮುಲಾಮನ್ನು ದಿನಕ್ಕೆ ಎರಡು ಸಲ, ಐದು ದಿನ ಮೂಗಿನೊಳಗೆ ಹಚ್ಚಿ, ಜೊತೆಗೆ ಕ್ಲೋರ್‌ಹೆಕ್ಸಿಡಿನ್ ಹಾಕಿ ಮೈ ತೊಳೆಸುವುದು ಆಸ್ಪತ್ರೆಯ ಒಂದು ಕ್ರಮ. ಅಮೆರಿಕದ 43 ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗದಲ್ಲಿ, ಐಸಿಯುನ ಎಲ್ಲ ರೋಗಿಗಳಿಗೂ ಹೀಗೆ ಮಾಡಿದ ಕಡೆ ರಕ್ತದ ಸೋಂಕು ಒಟ್ಟಾರೆ ಶೇ. 44 ಇಳಿಯಿತು, 2013ರಲ್ಲಿ ಪ್ರಕಟವಾಯಿತು. ಹೃದಯ, ಮೂಳೆ ಆಪರೇಶನ್‌ಗೆ ಮುಂಚೆ ಮೂಗಿನಲ್ಲಿ ಸ್ಟ್ಯಾಫ್ ಇರುವವರಿಗೂ ಕೊಡುತ್ತಾರೆ. ಆದರೆ ಅದನ್ನೇ ಸಿಕ್ಕ ಸಿಕ್ಕ ಗಾಯಕ್ಕೆಲ್ಲ ಬಳಿದುಕೊಂಡರೆ ಅದಕ್ಕೂ ಬಗ್ಗದ ಸ್ಟ್ಯಾಫ್ ಬರುತ್ತದೆ, ಬಂದೂ ಇದೆ.

ಕುರು ಆಗಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತಗೊಂಡರೆ ಸಾಲದಾ?

ಕೀವು ತುಂಬಿದ ಕುರುವಿಗೆ ಮುಖ್ಯ ಚಿಕಿತ್ಸೆ ಅದನ್ನು ಸೀಳಿ ಕೀವು ತೆಗೆಯುವುದು. ಗಟ್ಟಿ ಕೀವಿನೊಳಗೆ ಮಾತ್ರೆ ಸರಿಯಾಗಿ ಹೋಗುವುದಿಲ್ಲ. ಮನೆಯಲ್ಲಿ ಹಿಸುಕುವುದು ಬೇಡ, ಅದರಲ್ಲೂ ಮೂಗು ಮತ್ತು ಮೇಲ್ದುಟಿಯ ಹತ್ತಿರದ್ದನ್ನು ಮುಟ್ಟಲೇಬೇಡಿ. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು, ತಗೊಳ್ಳಬಾರದು. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಈ ಗೆರೆಯ ಬಗ್ಗೆಯೇ ಪ್ರಚಾರ ಮಾಡಿತ್ತು. ಕೌಂಟರಿನಲ್ಲಿ ಇನ್ನೂ ‘ಮೂರು ದಿನದ್ದು ಕೊಡಿ’ ಅಂದರೆ ಕತ್ತರಿಸಿ ಕೊಡುತ್ತಾರೆ, ಅದು ಬೇರೆ ಮಾತು. ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಕುರು ಏಳುತ್ತಿದ್ದರೆ ಕೀವಿನ ಕಲ್ಚರ್ ಮಾಡಿಸಿ. ಟವೆಲ್, ರೇಜರ್ ಹಂಚಿಕೊಳ್ಳುವುದನ್ನು ನಿಲ್ಲಿಸಿ.

ಲಸಿಕೆ ಇದೆಯಾ?

ಇಲ್ಲ. ದೊಡ್ಡ ದೊಡ್ಡ ಕಂಪನಿಗಳು ಪ್ರಯತ್ನಿಸಿ ಕೈಬಿಟ್ಟಿವೆ. ಮರ್ಕ್ 2011ರಲ್ಲಿ, ಫೈಜರ್ 2018ರಲ್ಲಿ ತಮ್ಮ ಪ್ರಯೋಗ ನಿಲ್ಲಿಸಿದವು.

ಡಿಸ್ಚಾರ್ಜ್ ಆಗಿ ಮನೆಗೆ ಬಂದಿದ್ದಾರೆ. ಮನೆಯಲ್ಲಿ ಚಿಕ್ಕ ಮಗು ಇದೆ. ದೂರ ಇಡಬೇಕಾ?

ಬೇಕಿಲ್ಲ. ಆರೋಗ್ಯವಾಗಿರುವವರಿಗೆ ಅಪಾಯ ಕಡಿಮೆ. ಎತ್ತಿಕೊಳ್ಳಬಹುದು, ಜೊತೆಗೆ ಕೂತು ಊಟ ಮಾಡಬಹುದು, ತಟ್ಟೆ ಲೋಟ ಬೇರೆ ಇಡುವುದು ಬೇಡ. ಗಾಯಕ್ಕೆ ಡ್ರೆಸಿಂಗ್ ಮುಚ್ಚಿರಬೇಕು. ಡ್ರೆಸಿಂಗ್ ಬದಲಿಸಿದ ಮೇಲೆ ಕೈ ತೊಳೆಯಬೇಕು, ತೆಗೆದದ್ದನ್ನು ಕವರಿನಲ್ಲಿ ಕಟ್ಟಿ ಎಸೆಯಬೇಕು. ಕೀವು ತಾಗಿದ ಬಟ್ಟೆ, ಹೊದಿಕೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು. ಮನೆಯಲ್ಲಿ ಡಯಾಲಿಸಿಸ್‌ನವರೋ, ಕ್ಯಾನ್ಸರ್ ಚಿಕಿತ್ಸೆಯವರೋ ಇದ್ದರೆ ಡಾಕ್ಟರ ಹತ್ತಿರ ಒಂದು ಮಾತು ಕೇಳಿ.

ಮುಂದೆ ಬೇರೆ ಆಸ್ಪತ್ರೆಗೆ ಹೋದರೆ ಹೇಳಬೇಕಾ? ಸೇರಿಸಿಕೊಳ್ಳದೆ ಹೋದರೆ?

ಹೇಳಿ. ದಾಖಲಾಗುವಾಗಲೇ ಹೇಳಿದರೆ ಮೊದಲ ದಿನದಿಂದಲೇ ನಾಟುವ ಔಷಧಿ ಶುರುವಾಗುತ್ತದೆ, ಆಪರೇಶನ್‌ಗೆ ಮುಂಚೆ ಕೊಡುವ ಇಂಜೆಕ್ಷನ್ ಕೂಡ ಬದಲಾಗಬಹುದು. ಎಂಆರ್‌ಎಸ್‌ಎ ಇದೆ ಅನ್ನುವುದು ಚಿಕಿತ್ಸೆ ಕೊಡದಿರಲು ಕಾರಣವಲ್ಲ. ಬೇರೆ ಕೋಣೆ ಅಥವಾ ಮೂಲೆ ಹಾಸಿಗೆ ಕೊಡಬಹುದು, ಸಿಬ್ಬಂದಿ ಗೌನು ಗ್ಲೌಸು ಹಾಕಿಕೊಂಡು ಬರಬಹುದು, ಅಷ್ಟೇ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಗಾಯದ ಸೋಂಕು’ ಅಂತ ಒಂದೇ ಸಾಲು ಬರೆದಿರುವುದೇ ಹೆಚ್ಚು. ಅದು ಸಾಲದು. ಕಲ್ಚರ್ ರಿಪೋರ್ಟಿನ ಪ್ರತಿ ಕೇಳಿ ತಗೊಳ್ಳಿ, ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ. ಬ್ಯಾಕ್ಟೀರಿಯಾದ ಹೆಸರು, ತಾರೀಖು, ‘ಎಸ್’ ‘ಆರ್’ ಪಟ್ಟಿ ಮೂರೂ ಕಾಣುವ ಹಾಗಿರಲಿ.